ಚಳಿಗಾಲ ಇನ್ನುಳಿದಿದ್ದು ಹೆಂಗಿರುತ್ತೆ? ಕಣದಲ್ಲಿ ಕಾಫಿ ಬಿದ್ದಿದೆ

ಮಂಜುತೋಟ, ಸಕಲೇಶಪುರ ಕಡೆ:
ಎಲ್ರಿಗೂ ನಮಸ್ಕಾರ. ಸಂಕ್ರಾಂತಿ ಮುಗೀತು, ಅರೇಬಿಕಾ ಕಾಫಿ ಕುಯ್ದಾಯ್ತು, ರೋಬಸ್ಟಾ ಕಾಫಿ ಈಗಷ್ಟೇ ಶುರು. ಮೊನ್ನೆವರೆಗೂ ಬೆಳಗ್ಗೆ ಕೈ ಮರಗಟ್ಟೋ ಚಳಿ ಇತ್ತು, ನಿನ್ನೆಯಿಂದ ಇದ್ದಕ್ಕಿದ್ದಂಗೆ ರಾತ್ರಿ ಸೆಕೆ, ಆಕಾಶ ಪೂರ್ತಿ ಮುಸುಕಿದೆ. ಕಣದಲ್ಲಿ ಎಂಟು ದಿನದ ಹಣ್ಣಿದೆ, ಅಲ್ಲಾಡಿಸಿದ್ರೆ ಇನ್ನೂ ಗಲಗಲ ಅನ್ನಲ್ಲ, ಅಂದ್ರೆ ಪೂರ್ತಿ ಒಣಗಿಲ್ಲ. 2021ರ ಜನವರಿ ಮಳೆ ನೆನಪಿದ್ಯಲ್ಲ, ಆಗ ಟಾರ್ಪಾಲ್ ಮುಚ್ಚಿಟ್ಟು ಮೂರನೇ ದಿನ ತೆಗೆದ್ರೆ ಒಳಗೆ ಬಿಸಿ ಹಬೆ, ಬೂಷ್ಟು ವಾಸನೆ, ರೇಟಲ್ಲಿ ಹೊಡೆತ ತಿಂದ್ವಿ. ಶಿವರಾತ್ರಿವರೆಗೆ ಹೆಂಗಿರುತ್ತೆ ಯಾರಾದ್ರೂ ಹೇಳ್ತೀರಾ? ಆಳು ಸಿಕ್ಕಿರೋದೇ ದೊಡ್ಡದು, ಕುಯ್ಸೋದೋ ನಿಲ್ಸೋದೋ ತಿಳೀತಿಲ್ಲ.

ಗಾಳಿಮಾತು:
ಶಿವರಾತ್ರಿವರೆಗೆ ದಿನದಿನದ ಲೆಕ್ಕ ಹೇಳೋರು ಜ್ಯೋತಿಷಿಗಳು ಮಾತ್ರ ಸರ್ 😄 ಆದ್ರೆ ಸೆಕೆ ಆಯ್ತು ಅಂದ್ರೆ ಚಳಿ ಹೋಯ್ತು ಅಂತಲ್ಲ. ಆಕಾಶ ತಿಳಿಯಾಗಿದ್ರೆ ನೆಲದ ಬಿಸಿ ರಾತ್ರಿಯೆಲ್ಲ ಮೇಲಕ್ಕೆ ಹೋಗಿ ಬೆಳಗ್ಗೆ ನಡುಕ, ಮೋಡ ಇದ್ರೆ ಕಂಬಳಿ ಹೊದ್ದಂಗೆ. ಈಗ ಗಾಳಿ ಬಂಗಾಳಕೊಲ್ಲಿ ಕಡೆಯಿಂದ ತೇವ ತರ್ತಿರಬೇಕು. ಸಾಮಾನ್ಯವಾಗಿ ಇದು ಕೆಲವು ದಿನದ ಆಟ, ಉತ್ತರದ ಒಣಗಾಳಿ ತಿರುಗಿದ್ರೆ ಮತ್ತೆ ಚಳಿ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಹಾಕುತ್ತೆ, ಮೊದಲೆರಡು ವಾರ ನೋಡಿ, ಆಮೇಲಿನದನ್ನ ಅಷ್ಟು ನಂಬ್ಬೇಡಿ. ವಾಟ್ಸಾಪಲ್ಲಿ ಬರೋ ಕೆಂಪು ಬಾಣದ ಮ್ಯಾಪ್ ಅಂತೂ ನೋಡ್ಲೇಬೇಡಿ.

ಕರಿಮಣ್ಣು, ವಿಜಯಪುರ:
ನಮ್ ಕಡಿ ಇನ್ನೂ ಥಂಡಿ ಜಗ್ಗಿ ಐತ್ರಿ. ಹಿಂಗಾರಿ ಜ್ವಾಳಕ್ಕ, ಕಡ್ಲಿಗೆ ಈ ಥಂಡೀನ ಬೇಕ್ರಿ, ಮಾಡ ಹಾಕ್ತಂದ್ರ ಕಡ್ಲ್ಯಾಗ ಕೀಡಿ ಬೀಳ್ತಾವು. ನಿಮ್ ಮಾಡ ನಮ್ ಕಡಿ ಕಳಸಬ್ಯಾಡ್ರಿ ಅಣ್ಣಾರ.

ಕೊಡಗಿನಾಕೆ:
ಕುಯ್ಲು ನಿಲ್ಲಿಸ್ಬೇಡಿ ಅಣ್ಣ. ನನಗೆ ಕಣಕ್ಕಿಂತ ಗಿಡದ್ದೇ ಭಯ, ಈಗ ಒಂದಿಂಚು ಮಳೆ ಹೊಡೆದ್ರೆ ರೋಬಸ್ಟಾ ಮೊಗ್ಗು ವಾರ ಹತ್ತು ದಿನದಲ್ಲಿ ಅರಳಿಬಿಡುತ್ತೆ, ಅದೇ ರೆಕ್ಕೇಲಿ, ಅಂದ್ರೆ ಕೊಂಬೇಲಿ, ಹಣ್ಣೂ ಇರುತ್ತೆ, ಕುಯ್ಯೋಕೆ ಕೈ ಹಾಕಿದ್ರೆ ಹೂವೂ ಉದುರಿ ಮುಂದಿನ ವರ್ಷದ ಫಸಲೂ ಹೋಯ್ತು. ನಮಗೆ ಹೂಮಳೆ, ಅಂದ್ರೆ ಹೂ ಅರಳಿಸೋ ಮಳೆ, ಬೇಕಿರೋದು ಫೆಬ್ರವರಿ ಕೊನೆ, ಮಾರ್ಚಲ್ಲಿ ತಾನೇ. ಅದಕ್ಕೆ ಮೊಗ್ಗು ಚೆನ್ನಾಗಿ ಬಲಿತಿರೋ ತೋಟದ ಭಾಗದಿಂದ ಮೊದಲು ಕುಯ್ಸಿ. ಕಣದ್ದನ್ನ ಸಂಜೆ ಗುಡ್ಡೆ ಮಾಡಿ ಮುಚ್ಚಿ, ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹರಡಿ. ಮೋಡ ಕೂತಿರೋವಾಗ ಮಾತ್ರ ಟಾರ್ಪಾಲಡಿ ದಿನಗಟ್ಟಲೆ ಗುಡ್ಡೆ ಬೇಡ, ಸೂರಿನಡಿ ತೆಳ್ಳಗೆ ಹರಡಿ ಗಂಟೆಗೊಂದ್ಸಲ ಕೈಯಾಡ್ಸಿ.

ಮಂಜುತೋಟ:
ಥ್ಯಾಂಕ್ಸ್ ಅಕ್ಕ, ಕಾರ್ ಶೆಡ್ ಖಾಲಿ ಮಾಡಿಸ್ತಿದೀನಿ. ನಾಳೆ ಗುರುವಾರ, ಇಲಾಖೇದು ನೋಡಿ ಬರೀತೀನಿ. ಅಪ್ಪ ಕಣದಂಚಲ್ಲಿ ಕೂತಿದಾರೆ, ಇರುವೆ ಮೊಟ್ಟೆ ಹೊತ್ತು ಹೊರಟಿಲ್ಲ, ಮಳೆ ಬರಲ್ಲ ಹೋಗೋ ಅಂತಾರೆ. 2021ರಲ್ಲೂ ಇದನ್ನೇ ಅಂದಿದ್ರು.