ಅಪ್ಪನ ರೋಡ್‌ಕಿಂಗ್ ಜಾಮ್ ಆಗಿದೆ, ಮನೆಯಲ್ಲೇ ರೆಡಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಬೆಟಗೇರಿಯಿಂದ

ಎಲ್ಲರಿಗೂ ನಮಸ್ಕಾರ. ಅಪ್ಪನ ಯೆಜ್ಡಿ ರೋಡ್‌ಕಿಂಗ್, 1986ರ ಬೈಕು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹತ್ತು ವರ್ಷದ ಮೇಲಾಯಿತು ನಿಂತು. ಅಪ್ಪ ತೀರಿಕೊಂಡು ಎರಡು ವರ್ಷ. ಹೋದ ತಿಂಗಳು ಮೇಲಿದ್ದ ಚೀಲಗಳನ್ನೆಲ್ಲ ಇಳಿಸಿ ಹೊರಗೆ ಎಳೆದೆ. ಕಿಕ್ ಕೆಳಗೆ ಇಳಿಯುವುದೇ ಇಲ್ಲ, ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಟ್ಯಾಂಕ್ ಅಲ್ಲಾಡಿಸಿದರೆ ಒಳಗೆ ತುಕ್ಕು ಗಲಗಲ ಅನ್ನುತ್ತದೆ. ವೈರಿಂಗ್ ಇಲಿ ಕಡಿದಿವೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ನೋಡಿ "ಗುಜರಿಗೆ ಹಾಕ್ರಿ" ಅಂದುಬಿಟ್ಟರು. ನನಗೆ ಮನಸ್ಸಿಲ್ಲ. ಆ ಗಾಡಿಯ ಟ್ಯಾಂಕಿನ ಮೇಲೆ ಕೂತುಕೊಂಡೇ ನಾನು ಶಾಲೆಗೆ ಹೋಗಿದ್ದು.

ಸ್ಪ್ಯಾನರ್ ಸೆಟ್ ಇದೆ, ಭಾನುವಾರ ಬಿಡುವಿದೆ, ಮೂವತ್ತು ಸಾವಿರ ಎತ್ತಿಟ್ಟಿದ್ದೇನೆ. ಮೊದಲು ಪೇಂಟ್ ಮಾಡಿಸಿಬಿಡಲಾ ಅಂತ ಯೋಚನೆ. ಇನ್ನೊಂದು ಮಾತು, ಟೂಲ್ ಬಾಕ್ಸಿನ ಮೇಲೆ ಅಪ್ಪ ಪೇಂಟರ್ ಕೈಯಲ್ಲಿ ಹಳದಿ ಬಣ್ಣದಲ್ಲಿ "ಶ್ರೀ ವೀರನಾರಾಯಣ ಪ್ರಸನ್ನ" ಅಂತ ಬರೆಸಿದ್ದರು. ಮೊಣಕಾಲು ತಾಗಿ ತಾಗಿ ಕೊನೆಯ ಎರಡು ಅಕ್ಷರ ಅರ್ಧ ಅಳಿಸಿವೆ. ಅದನ್ನು ಉಳಿಸಿಕೊಳ್ಳಲು ಆಗುತ್ತಾ?

ಧಾರವಾಡ, ಸಪ್ತಾಪುರ

ತಮ್ಮಾ, ಪೇಂಟ್ ಕೊನೆಗೆ. ಇದೊಂದು ಮಾತು ಕೇಳು. ನಾನು ಮೊದಲ ಗಾಡಿಗೆ ಮುಂಚೆ ಬಣ್ಣ ಹಾಕಿಸಿದೆ, ಆಮೇಲೆ ಇಂಜಿನ್ ಇಳಿಸುವಾಗ ಫ್ರೇಮ್ ತುಂಬ ಗೀರು ಬಿತ್ತು, ದುಡ್ಡೂ ಹೋಯಿತು.

ಜಾಮ್ ಆಗಿದೆ ಅಂದ ಕೂಡಲೇ ಇಂಜಿನ್ ಸತ್ತಿದೆ ಅಂತ ಅಲ್ಲ. ನಿಂತು ನಿಂತು ರಿಂಗು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರುತ್ತವೆ, ಹೆಚ್ಚಾಗಿ ಅಷ್ಟೇ. ಕಿಕ್ ಮೇಲೆ ನಿಂತು ಜಿಗಿಯಬೇಡ. ಇದರಲ್ಲಿ ಕಿಕ್ ಮತ್ತು ಗೇರ್ ಎರಡೂ ಒಂದೇ ಲಿವರ್ ಅಲ್ವಾ, ಒಳಗಿನ ಹಲ್ಲು ಹೋದರೆ ಕೆಲಸ ಡಬಲ್. ಪ್ಲಗ್ ಬಿಚ್ಚು, ಟಾರ್ಚ್ ಬಿಟ್ಟು ಪಿಸ್ಟನ್ ಎಲ್ಲಿ ನಿಂತಿದೆ ನೋಡು. ಡೀಸೆಲ್‌ಗೆ ಸ್ವಲ್ಪ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಸೇರಿಸಿ ಪ್ಲಗ್ಗಿನ ತೂತಿನಿಂದ ಹೊಯ್ಯಿ. ಪಿಸ್ಟನ್ ಕೆಳಗಿದ್ದರೆ ಹೊಗೆ ಹೋಗುವ ತೂತು (ಪೋರ್ಟ್) ತೆರೆದಿರುತ್ತದೆ, ಎಣ್ಣೆ ಸೈಲೆನ್ಸರಿಗೆ ಇಳಿದು ಹೋಗುತ್ತದೆ, ಆಗ ದಿನಾ ಸ್ವಲ್ಪ ಸ್ವಲ್ಪ ಹಾಕಬೇಕು. ಒಂದು ವಾರ ಸುಮ್ನೆ ಬಿಡು. ಆಮೇಲೆ ನಾಲ್ಕನೇ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ತೂಗು, ತೊಟ್ಟಿಲು ತೂಗಿದ ಹಾಗೆ. ಬಂದರೆ ಹೀಗೇ ಬರುತ್ತದೆ. ಬರಲಿಲ್ಲ ಅಂದ್ರೆ ಹೆಡ್ ಬಿಚ್ಚಿ ಕಟ್ಟಿಗೆ ತುಂಡು ಇಟ್ಟು ತಟ್ಟಬೇಕು.

ಟ್ಯಾಂಕಿಗೆ ಬಿಳಿ ವಿನೆಗರ್ ತುಂಬಿಸಿ ಎರಡು ಮೂರು ದಿನ ಇಡು, ಒಂದು ಹಳೇ ಚೈನಿನ ತುಂಡು ಒಳಗೆ ಹಾಕಿ ಅಲ್ಲಾಡಿಸು. ಚೈನ್ ತುದಿಗೆ ತಂತಿ ಕಟ್ಟಿರಲಿ, ಇಲ್ಲದಿದ್ದರೆ ಹೊರಗೆ ಬರುವುದಿಲ್ಲ. ತೊಳೆಯುವಾಗ ಅಡುಗೆ ಸೋಡಾ ನೀರು, ತಕ್ಷಣ ಬಿಸಿಲಿಗೆ ಒಣಗಿಸಿ ಒಳಗೆಲ್ಲ 2ಟಿ ಆಯಿಲ್ ಆಡಿಸು. ಒದ್ದೆ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ.

ಹಾವೇರಿ, ಲೇತ್ ಕೆಲಸದವ

ಮೇಲಿನವರು ಹೇಳಿದ್ದು ಸರಿ ಇದೆ ರೀ. ಪಿಸ್ಟನ್ ಬಿಟ್ಟುಕೊಂಡ ಖುಷಿಗೆ ಹಾಗೇ ಚಾಲೂ ಮಾಡಬೇಡಿ ಅಂತ ಹೇಳಲು ಬರೆಯುತ್ತಿದ್ದೇನೆ.

ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಅದರ ಎರಡೂ ಬದಿಯ ಆಯಿಲ್ ಸೀಲ್ ಇಷ್ಟು ವರ್ಷಕ್ಕೆ ಒಣಗಿ ಕಲ್ಲಾಗಿರುತ್ತವೆ. ಟೂ ಸ್ಟ್ರೋಕಿನಲ್ಲಿ ಸೀಲ್ ಹೋದರೆ ಸಣ್ಣ ವಿಷಯ ಅಲ್ಲ. ಕ್ಲಚ್ ಕಡೆಯದು ಹೋದರೆ ಇಂಜಿನ್ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಕಾರುತ್ತದೆ. ಇನ್ನೊಂದು ಕಡೆಯದು ಹೋದರೆ ಗಾಳಿ ಎಳೆಯುತ್ತದೆ, ಪೆಟ್ರೋಲ್ ಕಡಿಮೆ ಬಿದ್ದು ಕಾದು ಪಿಸ್ಟನ್ ಸೀಜ್. ಎರಡನ್ನೂ ಬದಲಿಸಿ. ಬ್ಲಾಕ್ (ಸಿಲಿಂಡರ್) ತೆಗೆದಾಗ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಚಿಂತೆ ಇಲ್ಲ, ಮೇಲೆ ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಬಿಚ್ಚಬೇಕು, ಅದು ಮನೆಯಲ್ಲಿ ಆಗುವುದಿಲ್ಲ, ಪ್ರೆಸ್ ಬೇಕು.

ಸ್ಟ್ಯಾಂಡರ್ಡ್ ಬೋರ್ (ಸಿಲಿಂಡರಿನ ಒಳ ಅಗಲ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 75. ಬೋರ್ ಮಾಡಿಸುವುದಾದರೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಸ್ವಲ್ಪ ಅಗಲ ಮಾಡಿಸುವುದಾದರೆ, ಮೊದಲು ಓವರ್‌ಸೈಜ್ ಪಿಸ್ಟನ್ ತಂದು ಕೈಯಲ್ಲಿಟ್ಟುಕೊಂಡೇ ಲೇತಿಗೆ ಹೋಗಿ, ಆ ಪಿಸ್ಟನ್ ಅಳತೆಗೇ ಬೋರ್ ಹೊಡೆಯಬೇಕು. ಬೋರ್ ಮಾಡಿಸಿಟ್ಟು ಪಿಸ್ಟನ್ ಹುಡುಕುತ್ತಾ ಅಲೆದವರನ್ನು ಬಹಳ ನೋಡಿದ್ದೇನೆ. ಮೈಸೂರಿನ ಯೆಜ್ಡಿ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಈಗ ಬರುವ ಹೊಸ ಯೆಜ್ಡಿ ಬೇರೆಯೇ ಇಂಜಿನ್, ಅದರ ಸಾಮಾನು ಇದಕ್ಕೆ ಬರುವುದಿಲ್ಲ. ಹಳೇ ಪಿಸ್ಟನ್ ಬಿಸಾಡಬೇಡಿ. ಜೋಡಿಸುವಾಗ ರಿಂಗಿನ ಬಾಯಿ ಪಿಸ್ಟನ್ ಮೇಲಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು, ಒತ್ತಿ ತುರುಕಿದರೆ ರಿಂಗು ಮುರಿಯುತ್ತದೆ. ಕ್ಲಚ್ ಪ್ಲೇಟ್ ಬೂಚಿನದು, ಹೊಸದನ್ನು ರಾತ್ರಿಯಿಡೀ ಆಯಿಲಿನಲ್ಲಿ ನೆನೆಸಿ ಹಾಕಿ. ಶುರುವಿಗೆ ಪೆಟ್ರೋಲ್ ಲೀಟರಿಗೆ 40 ಮಿ.ಲೀ. 2ಟಿ ಆಯಿಲ್.

ಹುಬ್ಬಳ್ಳಿ, ಕೇಶ್ವಾಪುರ

ಕಾಗದದ ಮಾತು ಯಾರೂ ಎತ್ತಲಿಲ್ಲ. 1986ರ ಗಾಡಿ ಅಂದ್ರೆ ಹದಿನೈದು ವರ್ಷಕ್ಕೆ ಒಮ್ಮೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನೀವಲ್ ಆಗಿರಬೇಕು. ಫ್ರೇಮಿಗೆ ಬಣ್ಣ ಹಾಕಿಸುವ ಮುಂಚೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಇಂಜಿನ್ ನಂಬರೂ ಆರ್‌ಸಿಗೆ ತಾಳೆ ನೋಡಿ. ಪೌಡರ್ ಕೋಟಿಂಗ್ ದಪ್ಪಗೆ ಬಿದ್ದರೆ ನಂಬರ್ ಮುಚ್ಚಿಹೋಗುತ್ತದೆ, ತಪಾಸಣೆಯಲ್ಲಿ ಓದಲು ಬರದೆ ನಾನು ಎರಡು ಸಲ ವಾಪಸ್ ಬಂದೆ. ತಂದೆಯವರ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಲು ಫಾರ್ಮ್ 31, ರಿನೀವಲ್‌ಗೆ ಫಾರ್ಮ್ 25. ಮನೆಯಲ್ಲಿ ಬೇರೆ ವಾರಸುದಾರರಿದ್ದರೆ ಅವರ ಒಪ್ಪಿಗೆ ಪತ್ರ ಈಗಲೇ ಮಾಡಿಸಿಡಿ.

ಆ ಅಕ್ಷರಗಳ ಬಗ್ಗೆ. ಟೂಲ್ ಬಾಕ್ಸನ್ನು ಪೇಂಟರಿಗೆ ಕೊಡಲೇ ಬೇಡಿ. ಬಿಚ್ಚಿ ಒಳಗಿಡಿ. ಥಿನ್ನರ್ ಬೇಡ, ಪೆಟ್ರೋಲ್ ಬೇಡ, ಸೋಪಿನ ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ವ್ಯಾಕ್ಸ್ ಹಚ್ಚಿ. ಅಳಿಸಿದ್ದನ್ನು ಮತ್ತೆ ಬರೆಸಬೇಡಿ. ನಿಮ್ಮ ತಂದೆಯವರ ಮೊಣಕಾಲು ಸವೆಸಿದ ಜಾಗ ಅದು.

ಬೆಟಗೇರಿಯಿಂದ

ಹತ್ತು ದಿನ ಆಯಿತು, ಹೇಳಲೇಬೇಕು ಅನ್ನಿಸಿತು. ನಿನ್ನೆ ಸಂಜೆ ತಮ್ಮ ಹಿಂದೆ ಹಿಡಿದ, ನಾನು ಹ್ಯಾಂಡಲ್ ಹಿಡಿದೆ, ನಾಲ್ಕನೇ ಗೇರಲ್ಲಿ ತೂಗುತ್ತಾ ಇದ್ದೆವು. ಇಪ್ಪತ್ತು ಸಲ ಆಗಿರಬಹುದು. ಟಕ್ ಅಂತ ಒಂದು ಸದ್ದು, ಗಾಡಿ ಒಂದು ಗೇಣು ಮುಂದೆ ಹೋಯಿತು. ಪ್ಲಗ್ಗಿನ ತೂತಿನಿಂದ ಕೆಂಪು ಎಣ್ಣೆ ಚಿಮ್ಮಿ ನನ್ನ ಅಂಗಿ ತುಂಬ. ಅವ್ವ ಒಳಗಿಂದ ಓಡಿ ಬಂದಳು, ಏನೋ ಆಯಿತು ಅಂತ.

ಟೂಲ್ ಬಾಕ್ಸ್ ಬಿಚ್ಚಿ ಅವ್ವನ ಕೈಗೆ ಕೊಟ್ಟಿದ್ದೇನೆ, ದೇವರ ಕೋಣೆಯಲ್ಲಿಟ್ಟಿದ್ದಾಳೆ. ಬರುವ ಭಾನುವಾರ ಬ್ಲಾಕ್ ತೆಗೆಯುತ್ತೇನೆ. ರಾಡ್ ಟಕ್ ಅನ್ನುತ್ತೋ ಇಲ್ಲವೋ ನೋಡಿ ಇಲ್ಲೇ ಬರೆಯುತ್ತೇನೆ. ಹಾವೇರಿಯವರೇ, ಬೋರ್ ಮಾಡಿಸಬೇಕಾದರೆ ನಿಮ್ಮ ಹತ್ತಿರವೇ ತರಲಾ?