ಮಾರುತಿ ಜಿಮ್ನಿ ಜೀಪಿಗೆ ದೊಡ್ಡ ಟೈರ್ ಹಾಕಿಸಿದೆ, ಸ್ಟೇರಿಂಗ್ ತಿರುಗಿಸಿದರೆ ಉಜ್ಜುತ್ತದೆ

ತೋಟದ_ಜಿಮ್ನಿ:
ಎಲ್ಲರಿಗೂ ನಮಸ್ಕಾರ. ಹೋದ ವಾರ ದೊಡ್ಡ ಎ/ಟಿ (ಡಾಂಬರು, ಮಣ್ಣುದಾರಿ ಎರಡಕ್ಕೂ ಆಗುವ) ಟೈರ್ ಹಾಕಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದೆ ಗರ್ ಅಂತ ಉಜ್ಜುತ್ತದೆ. ಅಂಗಡಿಯವರು "ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ" ಅಂದುಬಿಟ್ಟರು. ಇಷ್ಟು ದುಡ್ಡು ಸುರಿದು ಈ ಸದ್ದು ಕೇಳಬೇಕಾ? ಸಸ್ಪೆನ್ಷನ್ ಕಂಪನಿಯದ್ದೇ. ಏನು ಮಾಡಲಿ?

ಬಿಸಿಲೆ_ದಾರಿ:
ಬಾಡಿ ಮೇಲೆತ್ತೋಕೆ 2 ಇಂಚು ಲಿಫ್ಟ್ ಹಾಕಿಸಿ, ಮುಗೀತು. ಕಂಪನಿಯ ಸ್ಟಾಕ್ ಸ್ಪ್ರಿಂಗ್‌ನಲ್ಲಿ ದೊಡ್ಡ ಟೈರ್ ಉಜ್ಜದೇ ಇರುತ್ತಾ?

ಸ್ಪ್ಯಾನರ್_ರಾಯ:
ಲಿಫ್ಟ್ ಆಮೇಲೆ ನೋಡೋಣ. ಸೈಜ್ ಹೇಳಿ ಸರ್. 215/75 ಆರ್15 ಆದರೆ ಸಾಮಾನ್ಯವಾಗಿ ತೊಂದರೆ ಬರಲ್ಲ. ರಿಮ್ ಹಳೇದೇನಾ? ಎಲ್ಲಿ ತಾಗುತ್ತಿದೆ?

ತೋಟದ_ಜಿಮ್ನಿ:
ಮುಂದೆ ಅಂತ ಹೇಳಿದೆನಲ್ಲ. ಎರಡೂ ಕಡೆ.

ಹಳೇ_ಜಿಪ್ಸಿ:
ನನ್ನ ಜಿಪ್ಸಿ ಇನ್ನೂ ಲೀಫ್ ಸ್ಪ್ರಿಂಗ್ ಮೇಲೇ ಇದೆ. ಸಕಲೇಶಪುರದ ಕಡೆ ಮಳೆಗಾಲದ ಕೆಸರಿನಲ್ಲೂ ನಿಂತಿಲ್ಲ. ಮುಂದೆ ಸ್ಟೀಲ್ ಬಂಪರ್, ವಿಂಚ್, ಹಿಂದೆ ಎರಡು ಜೆರ್ರಿಕ್ಯಾನ್. ಫೋಟೋ ಹಾಕ್ತೀನಿ ತಾಳಿ.

ಬಿಸಿಲೆ_ದಾರಿ:
ಭರ್ಜರಿ ಗಾಡಿ ಅಣ್ಣ! ನೋಡಿ, ಇವರೂ ಲಿಫ್ಟ್ ಹಾಕಿಸಿರಬೇಕು. ನಾನು ಹೇಳೋದೂ ಅದೇ.

ಆರ್‌ಸಿ_ಬುಕ್:
ಗಾಡಿ ಮಾರ್ಪಾಡಿನ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು ಲಿಫ್ಟ್ ಬಗ್ಗೆ ಮಾತಾಡಿ. ನಾಳೆ ಅಪಘಾತವಾದರೆ ವಿಮೆಯವರು ಮೊದಲು ಕೇಳೋದೇ ಇದನ್ನ.

ಬಿಸಿಲೆ_ದಾರಿ:
ಆಫ್‌ರೋಡ್ ಮಾಡೋರು ಯಾರು ಸ್ವಾಮಿ ಸ್ಟಾಕ್‌ನಲ್ಲಿ ಓಡಿಸ್ತಾರೆ?

ತೋಟದ_ಜಿಮ್ನಿ:
ದಯವಿಟ್ಟು ನನ್ನ ವಿಷಯಕ್ಕೆ ಬನ್ನಿ. ಟೈರ್ 235/75 ಆರ್15. ಅಲಾಯ್ ಗಾಡಿ ಜೊತೆ ಬಂದದ್ದೇ.

ಸ್ಪ್ಯಾನರ್_ರಾಯ:
ಹಾಂ, ಇದು ಬೇಕಿತ್ತು. ಮೂಲ ಟೈರ್ 195/80 ಆರ್15, ಎತ್ತರ ಸುಮಾರು 693 ಮಿಮೀ. ನಿಮ್ಮದು 733. ಅಗಲದಲ್ಲೂ 40 ಮಿಮೀ ಜಾಸ್ತಿ. ಹಳೇ ರಿಮ್‌ನಲ್ಲೇ ಕೂರಿಸಿದ್ದರಿಂದ ಅದರಲ್ಲಿ ಅರ್ಧ ಒಳಗಡೆಗೆ ಹೋಗಿದೆ. ಸಪಾಟು ಜಾಗದಲ್ಲಿ ನಿಲ್ಲಿಸಿ, ಟೈರಿನ ಒಳ ಅಂಚಿಗೆ ಚಾಕ್‌ಪೀಸ್ ಬಳಿಯಿರಿ. ಸ್ಟೇರಿಂಗನ್ನು ನಿಧಾನವಾಗಿ ಎರಡೂ ಕಡೆ ಕೊನೆವರೆಗೆ ತಿರುಗಿಸಿ (ಫುಲ್ ಲಾಕ್), ಕೆಳಗೆ ಬಗ್ಗಿ ನೋಡಿ.

ತೋಟದ_ಜಿಮ್ನಿ:
ಮಾಡಿದೆ. ಆಕ್ಸಲ್‌ನಿಂದ ಹಿಂದಕ್ಕೆ ಹೋಗುವ ಉದ್ದನೆಯ ಆರ್ಮ್ ಮೇಲೆ ಬಿಳಿ ಗೆರೆ. ಅಲ್ಲಿ ಪೇಂಟ್ ಹೋಗಿ ಕಬ್ಬಿಣ ಹೊಳೀತಿದೆ. ಬಂಪರ್‌ಗೆ ತಾಗಿಲ್ಲ.

ಸ್ಪ್ಯಾನರ್_ರಾಯ:
ಅದು ರೇಡಿಯಸ್ ಆರ್ಮ್, ಆಕ್ಸಲನ್ನು ಚಾಸಿಗೆ ಹಿಡಿದಿಡೋದು. ಇಲ್ಲಿ ಲಿಫ್ಟ್‌ನಿಂದ ಏನೂ ಉಪಯೋಗವಿಲ್ಲ. ಜಿಮ್ನಿಯದು ರಿಜಿಡ್ ಆಕ್ಸಲ್, ಅಂದರೆ ಎರಡೂ ಚಕ್ರಕ್ಕೆ ಸೇರಿ ಒಂದೇ ಗಟ್ಟಿ ಆಕ್ಸಲ್. ಆರ್ಮ್ ಆಕ್ಸಲ್‌ಗೇ ಸೇರಿಕೊಂಡಿದೆ. ನೀವು ಬಾಡಿಯನ್ನು ಎಷ್ಟೇ ಎತ್ತಿ, ಟೈರ್ ಮತ್ತು ಆರ್ಮ್ ನಡುವಿನ ಸಂದು ಅಷ್ಟೇ ಇರುತ್ತದೆ. ಲಿಫ್ಟ್ ಬೇಕಾಗೋದು ಹಳ್ಳಕ್ಕೆ ಇಳಿದಾಗ ಟೈರ್ ಮೇಲೆದ್ದು ಬಾಡಿಯ ಆರ್ಚ್‌ಗೆ (ಚಕ್ರದ ಮೇಲಿನ ಕಮಾನು) ತಾಗಿದರೆ.

ಬಿಸಿಲೆ_ದಾರಿ:
ಆದರೂ ಲಿಫ್ಟ್ ಹಾಕಿದರೆ ಗಾಡಿ ನೋಡೋಕೆ ಚೆನ್ನಾಗಿರುತ್ತೆ.

ತೋಟದ_ಜಿಮ್ನಿ:
ನೋಟ ಬೇಡ, ಸದ್ದು ನಿಲ್ಲಬೇಕು. ದಾರಿ ಏನು?

ಸ್ಪ್ಯಾನರ್_ರಾಯ:
ಖರ್ಚಿಲ್ಲದ್ದು ಮೊದಲು. ಚಕ್ರದ ಜೊತೆ ತಿರುಗುವ ಸ್ಟೇರಿಂಗ್ ನಕಲ್‌ನಲ್ಲಿ (knuckle) ಸ್ಟಾಪರ್ ಬೋಲ್ಟ್ ಇರುತ್ತದೆ. ಅದನ್ನು ಸ್ವಲ್ಪ ಹೊರಗೆ ತಂದರೆ ಚಕ್ರ ಆರ್ಮ್‌ವರೆಗೆ ಹೋಗೋದೇ ಇಲ್ಲ. ಎರಡೂ ಕಡೆ ಸಮ ಇರಲಿ. ಘಾಟಿ ತಿರುವಿನಲ್ಲಿ ಗಾಡಿ ತಿರುಗೋಕೆ ಸ್ವಲ್ಪ ಜಾಸ್ತಿ ಜಾಗ ಕೇಳುತ್ತದೆ, ಅಷ್ಟೇ. ಎರಡನೇದು, ಆಫ್‌ಸೆಟ್ ಕಮ್ಮಿ ಇರೋ ರಿಮ್. ಆಗ ಟೈರ್ ಹೊರಗೆ ಸರಿದು ಬಂಪರ್‌ಗೆ ತಾಗಬಹುದು, ಮತ್ತೆ ಚಾಕ್ ಹಚ್ಚಿ ನೋಡಿ.

ಹಳೇ_ಜಿಪ್ಸಿ:
ರಿಮ್ ಹಿಂದೆ 5 ಮಿಮೀ ಸ್ಪೇಸರ್ ಬಿಲ್ಲೆ ಹಾಕಿ ಬಿಸಾಕಿ ಮಾರಾಯ್ರೆ.

ಸ್ಪ್ಯಾನರ್_ರಾಯ:
ಸುಮ್ನೆ ಹಾಕಬಾರದು. ಚಕ್ರದ ನಟ್ ಕೂರೋ ಸ್ಟಡ್ 12 ಮಿಮೀ, ಪಿಚ್ (ಎಳೆಗಳ ನಡುವಿನ ಅಂತರ) 1.25 ಮಿಮೀ. ನಟ್ ಹತ್ತು ಸುತ್ತಾದರೂ ಹಿಡೀಬೇಕು. ಸ್ಪೇಸರ್ ಆ ಉದ್ದವನ್ನೇ ತಿಂದುಹಾಕುತ್ತೆ. ಇನ್ನೊಂದು ಮಾತು: ಫುಲ್ ಲಾಕ್‌ನಲ್ಲಿ ಬ್ರೇಕ್ ಹೋಸ್, ಎಬಿಎಸ್ ವೈರ್‌ಗೆ ಟೈರ್ ಸೋಕುತ್ತಿದೆಯಾ ಇವತ್ತೇ ನೋಡಿ. ಆರ್ಮ್‌ನ ಪೇಂಟ್ ಹೋದರೆ ಹೋಗಲಿ, ಹೋಸ್ ಸವೆದರೆ ಇಳಿಜಾರಿನಲ್ಲಿ ಬ್ರೇಕ್ ಇರಲ್ಲ. ಟೈರ್ ದೊಡ್ಡದಾದ್ದರಿಂದ ಮೀಟರ್ 80 ತೋರಿಸುವಾಗ ಮೊದಲಿಗಿಂತ ಸುಮಾರು 5 ಕಿಮೀ ಜಾಸ್ತಿ ವೇಗದಲ್ಲಿರುತ್ತೀರಿ, ನೆನಪಿರಲಿ.

ಆರ್‌ಸಿ_ಬುಕ್:
ಮೈಲೇಜ್ ಎಷ್ಟು ಇಳಿದಿದೆ?

ತೋಟದ_ಜಿಮ್ನಿ:
ಮೈಲೇಜ್ ಇನ್ನೂ ನೋಡಿಲ್ಲ. ಆದರೆ ಏರಿನಲ್ಲಿ ಮೂರನೇ ಗೇರ್ ಎಳೀತಿದ್ದ ಕಡೆ ಈಗ ಎರಡಕ್ಕೆ ಇಳಿಸಬೇಕು. ಹೋಸ್ ನೋಡಿದೆ, ಸೋಕುತ್ತಿಲ್ಲ. ಭಾನುವಾರ ಸ್ಟಾಪರ್ ಬೋಲ್ಟ್ ಕೆಲಸ ಮಾಡಿಸ್ತೀನಿ. ಎಷ್ಟು ಸುತ್ತು ತಿರುಗಿಸಬೇಕು?

ಹಳೇ_ಜಿಪ್ಸಿ:
ಫೋಟೋ ಸಿಕ್ಕಿತು. ಮೂರನೇದರಲ್ಲಿ ವಿಂಚ್ ಚೆನ್ನಾಗಿ ಕಾಣುತ್ತೆ ನೋಡಿ.