ಇಮಿಗ್ರೇಷನ್ ರೇಡ್‌ನಲ್ಲಿ ಅಪ್ಪ ಸಿಕ್ಕಿಹಾಕ್ಕೊಂಡ ಮನೆಗೆ ಹೇಗೆ ಸಹಾಯ ಮಾಡಿದ್ರಿ? (ಚಿಕಾಗೋ)

ನೇಪರ್‌ವಿಲ್ ಅಮ್ಮ: ನಮ್ಮ ಮಗಳನ್ನ ನೋಡ್ಕೊಳ್ಳೋ ಮೆಕ್ಸಿಕೋದವರ ಗಂಡನ್ನ ಕೆಲಸಕ್ಕೆ ಹೋಗ್ತಿದ್ದಾಗ ಇಮಿಗ್ರೇಷನ್‌ನವರು ಹಿಡ್ಕೊಂಡು ಹೋದ್ರು, ಈಗ ಟೆಕ್ಸಸ್‌ಗೆ ಸಾಗಿಸಿದಾರಂತೆ. ಮೂರು ಮಕ್ಕಳು. ನಾವು ಎಚ್‌ಒನ್‌ಬಿ, ಅಂದ್ರೆ ಕೆಲಸದ ವೀಸಾದಲ್ಲಿರೋರು. ದುಡ್ಡು ಹೇಗೆ ಕೊಟ್ರೆ ಸರಿ?

ತುಮಕೂರಿನವ: ನಮ್ಮ ಹೋಟೆಲ್ ಅಡುಗೆಯವನಿಗೆ 2025ರ ಜೂನ್‌ನಲ್ಲಿ 8000 ಡಾಲರ್ ಬಾಂಡ್ (ಹೊರಗೆ ಬಿಡೋಕೆ ಕಟ್ಟೋ ಜಾಮೀನು ದುಡ್ಡು) ಹಾಕಿದ್ರು. ಕಾನೂನಲ್ಲಿ ಕನಿಷ್ಠ 1500 ಅಂತಿದೆ, ಅಷ್ಟಕ್ಕೆ ಎಲ್ಲಿ ಬಿಡ್ತಾರೆ. 4000 ನಂದು, 2500 ಜೊತೆಗೆ ದುಡಿಯೋರ್ದು, 1500 ಗಿರಾಕಿಗಳು ಕೊಟ್ಟಿದ್ದು. ವಕೀಲರ ಫೀಸು ಬೇರೆ 3500, ಇಮಿಗ್ರೇಷನ್ ಕೋರ್ಟಲ್ಲಿ ಸರ್ಕಾರ ವಕೀಲರನ್ನ ಕೊಡಲ್ವಲ್ಲ. ನಾನು ಸಿಟಿಜನ್, ನನ್ನ ಹೆಸರಲ್ಲೇ ಕಟ್ಟಿದೆ, ಕೇಸ್ ಮುಗಿಯೋವರೆಗೂ ಅದು ವಾಪಸ್ ಬರಲ್ಲ, ಅವನು ಹಿಯರಿಂಗ್ ತಪ್ಪಿಸಿದ್ರೆ ಪೂರ್ತಿ ಹೋಯ್ತು. ಮನೇಲಿ ಇವತ್ತಿಗೂ ಜಗಳ. ಆದ್ರೆ ಅವನು ಮಕ್ಕಳ ಜೊತೆ ಕೂತು ಉಣ್ತಿದಾನೆ, ನನಗೆ ಅಷ್ಟು ಸಾಕು.

ಹುಬ್ಬಳ್ಳಿ ಮಂದಿ: ಅಣ್ಣಾರ, ಅದು ಹಳೇ ಲೆಕ್ಕ. 2025ರ ಸೆಪ್ಟೆಂಬರ್‌ನ್ಯಾಗ ಇಮಿಗ್ರೇಷನ್ ಅಪೀಲ್ ಬೋರ್ಡ್ ತೀರ್ಪು ಕೊಟ್ಟೈತಿ, ಪರ್ಮಿಷನ್ ಇಲ್ದ ಗಡಿ ದಾಟಿ ಬಂದೋರಿಗೆ ಬಾಂಡ್ ಕೊಡೋ ಅಧಿಕಾರ ಇಮಿಗ್ರೇಷನ್ ಜಡ್ಜ್‌ಗ ಇಲ್ಲಂತ. ಅಲ್ಲಿಂದ ಜನ ಫೆಡರಲ್ ಕೋರ್ಟಿಗೆ ಹೇಬಿಯಸ್ (ಹಿಡಿದಿಟ್ಟದ್ದು ಕಾನೂನಿನ ಪ್ರಕಾರ ಸರಿ ಐತೇನು ಅಂತ ಕೇಳೂ ಅರ್ಜಿ) ಹಾಕಾಕತ್ತಾರ, ನಮ್ಮ ಓಣಿ ಮನಿಯವರಿಗೆ ಅದಕ್ಕ 6000 ಕೇಳಿದ್ರು. ನಾವು ಐದು ಮನಿಯವರು ಕೂಡಿ ಬಾಡಗಿ ಹಿಡದ್ವಿ, ತಿಂಗಳಿಗೆ 1650, ಚೆಕ್ ನೇರ ಮನಿ ಮಾಲಕಗ. ಅದರ ಮ್ಯಾಲೆ ಕರೆಂಟ್ ಬಿಲ್ 212, ಗ್ಯಾಸ್ 140, ಹುಡುಗನ ಇನ್ಹೇಲರ್ 68. ದುಡಿಯಾಂವ ಒಳಗ ಹೋದ್ರ ಮೊದಲ ಕೈಬಿಡೂದು ಮನಿ. ಹುಡುಗುರ್ನ ಸ್ಕೂಲಿಗೆ ನನ್ನ ಹೇಣ್ತಿ ಕರ್ಕೊಂಡು ಹೋಗ್ತಾಳ, ಕೊಳ್ಳಾಗ ಸೀಟಿ ಹಾಕ್ಕೊಂಡು. ಇಮಿಗ್ರೇಷನ್‌ನವರು ಕಂಡ್ರ ಊದೂದು, ಓಣಿ ಮಂದಿ ಹೊರಗ ಬರ್ತಾರ.

ಗ್ರೀನ್‌ಕಾರ್ಡ್ ಕ್ಯೂ 2014: ನಮ್ಮ ಪ್ರಯಾರಿಟಿ ಡೇಟ್ (ಗ್ರೀನ್‌ಕಾರ್ಡ್ ಕ್ಯೂ ಸೇರಿದ ದಿನ) 2014, ಟ್ಯಾಕ್ಸ್ ಕಟ್ಟಿ ಇನ್ನೂ ಕಾಯ್ತಾನೇ ಇದೀವಿ. ಲೇಆಫ್ ಆಗಿ, ಬೇರೆ ಕೆಲಸ ಹುಡುಕೋಕೆ ಸಿಗೋ 60 ದಿನದ ಗ್ರೇಸ್‌ನಲ್ಲಿ ಒದ್ದಾಡುವಾಗ ಯಾವ ಐದು ಮನೆ ಬಂತು ಸ್ವಾಮಿ? ಎಚ್‌ಒನ್‌ಬಿಯವರು ಇದರಿಂದ ದೂರ ಇರಿ.

ಮೈಸೂರಕ್ಕ: ಮಕ್ಕಳಿಗೆ ಅನ್ನ ಹಾಕೋಕೂ ಪ್ರಯಾರಿಟಿ ಡೇಟ್ ನೋಡ್ಬೇಕಾ? 2025ರ ಫೆಬ್ರವರಿ 5ಕ್ಕೆ ಮಿಲಿಟರಿ ವಿಮಾನದಲ್ಲಿ ಕೈಕಾಲಿಗೆ ಬೇಡಿ ಹಾಕಿಸ್ಕೊಂಡು ಅಮೃತಸರಕ್ಕೆ ಇಳಿದ 104 ಜನ ಯಾರು, ನಮ್ಮ ದೇಶದವರೇ ಅಲ್ವಾ! ಇಲ್ಲಿನ ಮೆಕ್ಸಿಕನ್ನರ ಏರಿಯಾ ಲಿಟಲ್ ವಿಲೇಜ್ ಕಡೆ ಸೈಕಲ್‌ನವರು ತಳ್ಳುಗಾಡಿಯವರ ತಮಾಲೆ (ಜೋಳದ ಹಿಟ್ಟಿನ ಕಡುಬು) ಪೂರ್ತಿ ಕೊಂಡು, ರೇಡ್‌ಗೆ ಸಿಗದ ಹಾಗೆ ಅವರನ್ನ ಬೇಗ ಮನೆಗೆ ಕಳಿಸ್ತಿದ್ರು. ನಾವೂ ಹಾಗೇ ಮಾಡಿದ್ವಿ, ಒಂದು ಗಾಡಿಗೆ 180 ಆಯ್ತು, ಬೀನ್ಸ್‌ದು ನಮಗಿಟ್ಕೊಂಡು ಉಳಿದಿದ್ದು ಶೆಲ್ಟರ್‌ಗೆ. ಆನ್‌ಲೈನ್ ಫಂಡ್ ಮಾತ್ರ ಬೇಡ, ಪ್ರತಿ ಸಲ 2.9 ಪರ್ಸೆಂಟ್ ಪ್ಲಸ್ 30 ಸೆಂಟ್ ಕಟ್, ಮೇಲೆ ಮಕ್ಕಳ ಫೋಟೋ ಊರಿಗೆಲ್ಲ.

ತುಮಕೂರಿನವ: ಮೈಸೂರಕ್ಕ, ಫೋಟೋ ಹಾಕದೇನೂ ಫಂಡ್ ಎತ್ತಬಹುದು. ಆ 1500 ಹಾಗೇ ಬಂದಿದ್ದು. ಗೊತ್ತಿಲ್ಲದೆ ಬೇಡ ಅನ್ಬೇಡಿ.

ಮೈಸೂರಕ್ಕ: ಗೊತ್ತಿದ್ದೇ ಹೇಳ್ತಿರೋದು. ನಮಗೆ ಪರಿಚಯದ ಮನೆಯವರಿಗೆ ಆ ಪೇಜ್ ನೋಡಿ ಬೆದರಿಕೆ ಮೆಸೇಜ್ ಬಂತು, ಮನೆ ಬದಲಾಯಿಸಿದ್ರು. ಡೆಪಾಸಿಟ್ ಯಾರು ಕೊಟ್ಟಿದ್ದು, ನಾವೇ.

ಹುಬ್ಬಳ್ಳಿ ಮಂದಿ: ಕನ್ನಡ ಸಂಘದ ರಾಜ್ಯೋತ್ಸವದ ಉಳಿದ ರೊಕ್ಕ ಕೇಳಿದ್ವಿ, ರಾಜಕೀಯ ಬ್ಯಾಡ ಅಂದ್ರು. ಬಾಡಗಿ ಕಟ್ಟೂದು ರಾಜಕೀಯ ಏನ್ರೀ?

ಗ್ರೀನ್‌ಕಾರ್ಡ್ ಕ್ಯೂ 2014: ಸಂಘದ ದುಡ್ಡು ಮೆಂಬರ್‌ಗಳದ್ದು. ನಾನೂ ಮೆಂಬರ್, ನನ್ನನ್ನ ಕೇಳಿದ್ರಾ?

ಹುಬ್ಬಳ್ಳಿ ಮಂದಿ: ಸಂಘದ ಜನರಲ್ ಬಾಡಿ ಮೀಟಿಂಗಿಗೆ ಬರ್ರಿ, ಎಲ್ಲಾರ ಮುಂದ ಇದನ್ನ ಹೇಳ್ರಿ.

ನೇಪರ್‌ವಿಲ್ ಅಮ್ಮ: ಎಲ್ರಿಗೂ ಥ್ಯಾಂಕ್ಸ್. ಬಾಡಿಗೆ ಓನರ್‌ಗೆ ನೇರವಾಗಿ ಕೊಟ್ರಿ ಅಂದ್ರಲ್ಲ, ಚೆಕ್ ಯಾರ ಹೆಸರಿಂದ ಬರೆದ್ರಿ?